ಅಮ್ಮನ ಹಾಡಿಗೆ ನೀನು ಹಾಕಿದ ಸಹಿ

ಸಾಂತಾ ರೊಸಾಲಿಯಾ, ಸಾನ್ ಹುವಾನ್ ನದಿತೀರ
ಮಾರ್ಚ್ ೯, ಭಾನುವಾರ

ತಮ್ಮ ಎರಾಕ್ಲಿಯೊ,

ದೇವರು ನಿನ್ನನ್ನು ಕಾಯಲಿ. ಹೊಟ್ಟೆಹುಣ್ಣು ಹೇಗಿದೆ? ಖಾಲಿ ಹೊಟ್ಟೆಗೆ ಕಾಫಿ ಸುರಿಯಬೇಡ, ಬಾಳೆಕಾಯಿ ಬೇಯಿಸಿ ತಿನ್ನು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕೇಳಬೇಕಾದ್ದನ್ನು ಕೇಳಿದ್ದಾಯಿತು, ಇನ್ನು ನನ್ನ ಸಿಟ್ಟನ್ನು ಓದು. ಮೂರು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನೀನಿರುವ ಮೆದೆಯೀನ್‌ಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಚಿಕ್ಕಪ್ಪನ ಮಗಳು ಯಾಮಿಲೆತ್‌ಳ ಮಗ ದೆಯ್ಮೆರ್ ಚಿನ್ನದ ಗುಂಡಿಯ ಮಣ್ಣು ಕುಸಿದು ಸತ್ತದ್ದು ನಿನಗೂ ಗೊತ್ತು. ಇಪ್ಪತ್ತೆರಡು ವರ್ಷದ ಹುಡುಗ. ಅವಳೋ ಚಿಲಿ ದೇಶದಲ್ಲಿ ಯಾರದೋ ಮನೆಯ ಅಡುಗೆಗಿದ್ದಾಳೆ. ಕಾಗದಪತ್ರ ಸರಿಯಿಲ್ಲ, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಹಾಗಾಗಿ ಒಂಬತ್ತನೆಯ ದಿನದ ಪ್ರಾರ್ಥನೆಯನ್ನು ಫೋನಿನಲ್ಲಿ ನೇರವಾಗಿ ಅವಳಿಗೆ ತೋರಿಸಿದೆವು. ಕೊನೆಗೆ, ಸತ್ತವನಿಗೆಂದು ಮನೆಯೊಳಗೆ ಕಟ್ಟಿದ್ದ ಪೀಠವನ್ನು ಬಿಚ್ಚುವ ಮುಂಚೆ, ಅಮ್ಮನ ಅಲಬಾವೊ ಹಾಡಿದೆವು. ಅಪ್ಪನನ್ನು ನದಿ ಎಳೆದುಕೊಂಡಾಗ ಅಮ್ಮ ಕಟ್ಟಿದ ಸಾವಿನ ಹಾಡು ಅದು. ಅಂದಿನಿಂದ ಈ ಊರಿನಲ್ಲಿ ಸತ್ತವರು ಯಾರೂ ಅದನ್ನು ಕೇಳಿಸಿಕೊಳ್ಳದೆ ಹೊರಟಿಲ್ಲ. ಎರಡನೆಯ ಸಾಲಿಗೇ ಅತ್ತ ಕಡೆ ದನಿ ನಿಂತುಹೋಯಿತಂತೆ. ಈ ಧ್ವನಿಯ ಹಕ್ಕು ಬೇರೆಯವರದು ಎಂದು ಬರಹ ಬಂತಂತೆ. ಯಾಮಿಲೆತ್ ನೋಡಿದ್ದು ಹನ್ನೆರಡು ಹೆಂಗಸರ ಬಾಯಿ ಆಡುವುದನ್ನಷ್ಟೇ. “ಅಕ್ಕಾ, ನೀವು ಹಾಡಿದ್ರೋ ಇಲ್ವೋ? ನನ್ ಮಗನ್ನ ಹಾಗೇ ಕಳಿಸಿಬಿಟ್ರಾ?” ಎಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ. ಇನ್ನೊಂದು ಸಲ ಹಾಡಿ ಕಳಿಸಿದರಾಯಿತು ಎಂದು ನಿನಗನ್ನಿಸಬಹುದು. ಸಾವಿಲ್ಲದ ಮನೆಯಲ್ಲಿ ಆ ಹಾಡು ಬಾಯಿಗೆ ಬಂದರೆ ಮುಂದಿನವರನ್ನು ಕರೆದ ಹಾಗೆ ಎಂಬುದನ್ನು ಊರು ಬಿಟ್ಟ ಮೇಲೆ ನೀನು ಮರೆತಿರಬೇಕು. ಅಮ್ಮ ಸಾಯುವವರೆಗೂ ಮರೆಯಲಿಲ್ಲ. ರೇಡಿಯೊದವರು ಮನೆಬಾಗಿಲಿಗೆ ಬಂದು ಬೇಡಿದಾಗಲೂ “ಸತ್ತೋರಿಲ್ಲ, ಹೋಗ್ರಪ್ಪಾ” ಎಂದು ಕಳಿಸಿದವಳು ಅವಳು.

ದೋಣಿ ಹತ್ತಿ, ಬಸ್ಸು ಹತ್ತಿ ಕಿಬ್ದೋ ಪೇಟೆಗೆ ಹೋದೆ. ಇಂಥ ಹಕ್ಕುಗಳ ವಿಚಾರ ನೋಡುವ ವಕೀಲೆ ಒಬ್ಬಳಿದ್ದಾಳೆ, ನಮ್ಮ ನದಿಯ ಕಡೆಯ ಹುಡುಗಿಯೇ. ಕಂಪ್ಯೂಟರಿನಲ್ಲಿ ಹುಡುಕಿ ಕೇಳಿಸಿದಳು. ಅಮ್ಮನ ದನಿ. ಅತ್ತೆ ಸತ್ತಾಗ ನೀನು ಕದ್ದು ಫೋನಿನಲ್ಲಿ ಹಿಡಿದದ್ದು. ಅದರ ಕೆಳಗೆ ಢಂ ಢಂ ಎಂದು ಡ್ರಮ್ಮು. “ಇದಕ್ಕೆ ಜನ ಕುಣೀತಾರೆ ಅಮ್ಮಾ” ಎಂದಳು, ನೆಲ ನೋಡುತ್ತಾ. ಹಾಡು ಕಟ್ಟಿದವರು ಎಂಬಲ್ಲಿ ನಿನ್ನ ಹೆಸರು. ಅಮ್ಮನ ಹೆಸರು ಎಲ್ಲೂ ಇಲ್ಲ. ಹೆತ್ತವಳ ಅಳುವನ್ನು ಕುಣಿಯುವವರಿಗೆ ಮಾರಿ ಬಂದಿದ್ದೀಯ, ಆಮೇಲೆ ಚರ್ಚಿನ ಪೂಜೆಗೆ ಹೋಗಿ ಪರಮಪ್ರಸಾದಕ್ಕೆ ನಾಲಿಗೆ ಚಾಚುತ್ತೀಯ.

ಕ್ಯಾಸೆಟ್ಟು ಬಂದಾಗ ಕಾನೂನು ಒಮ್ಮೆ ಬದಲಾಯಿತಂತೆ, ಫೋನು ಬಂದಾಗ ಇನ್ನೊಮ್ಮೆ. ಈಗ ಫೋನಿನಲ್ಲಿ ವಿಡಿಯೊ ತೋರಿಸುವ ಕಂಪನಿಯ ಯಂತ್ರವೇ ಕೇಳಿಸಿಕೊಂಡು ತಾನೇ ಬಾಯಿ ಮುಚ್ಚಿಸುತ್ತದಂತೆ, ಯಾರ ಮನೆಯ ಸಾವು ಎಂದು ಕೇಳುವವರಿಲ್ಲ. “ಕಾನೂನು ಹಿಂದಿನಿಂದ ಬರ್ತಾ ಇದೆ ಅಮ್ಮಾ” ಎಂದಳು. “ಅದಕ್ಕೆ ನನಗಿಂತ ಮಂಡಿನೋವು ಜಾಸ್ತಿ ಅಂತ ಕಾಣುತ್ತೆ” ಎಂದೆ. ಆಮೇಲೆ ಅವಳು, “ನೀವೊಂದ್ಸಲ ಹಾಡಿ, ರೆಕಾರ್ಡ್ ಮಾಡಿ ನಿಮ್ಮಮ್ಮನ ಹೆಸರಲ್ಲಿ ದಾಖಲೆ ಮಾಡೋಣ” ಎಂದಳು. “ಯಾಕಮ್ಮಾ, ನಿನ್ ಆಫೀಸಲ್ಲಿ ಯಾರಾದ್ರೂ ಸತ್ತಿದಾರಾ?” ಎಂದೆ. ಪಕ್ಕದ ಮೇಜಿನವನು ಶಿಲುಬೆ ಗುರುತು ಹಾಕಿಕೊಂಡ. ಭಯಭಕ್ತಿಯಿಂದ ಬಾಯಿ ಬಿಗಿಹಿಡಿದವರಿಗೆ ಹಕ್ಕಿಲ್ಲ, ಭಯವಿಲ್ಲದೆ ಕದ್ದವನಿಗೆ ಹಕ್ಕು. ಇದು ಯಾವ ನ್ಯಾಯ?

ನಾವು ತಕರಾರು ಹಾಕಿದರೆ ತೀರ್ಮಾನಕ್ಕೆ ತಿಂಗಳುಗಳು ಬೇಕಂತೆ. ಆ ದಿನದ ಪ್ರಾರ್ಥನೆಯ ವಿಡಿಯೊ ಆ ಕಂಪನಿಯ ಪುಟದಲ್ಲಿ ಮಾತ್ರ ಇದೆ, ಸಂತ ಜೋಸೆಫರ ಹಬ್ಬದ ದಿನ, ಹತ್ತೊಂಬತ್ತಕ್ಕೆ, ತಾನಾಗಿ ಅಳಿಸಿಹೋಗುತ್ತದೆ. ಹೆಸರು ಹಾಕಿಸಿಕೊಂಡವನೇ ‘ಇದು ನನ್ನದಲ್ಲ, ನನ್ನ ತಾಯಿ ಎರ್ಮಿಂದಾ ಕಟ್ಟಿದ್ದು’ ಎಂದು ಸಹಿ ಮಾಡಿ ಬರೆದುಕೊಟ್ಟರೆ ಎರಡೇ ದಿನದಲ್ಲಿ ದನಿ ಬಿಡುತ್ತಾರಂತೆ. ಬರೆಯಬೇಕಾದ ಕಾಗದವನ್ನು ವಕೀಲೆ ಸಿದ್ಧಮಾಡಿ ಕೊಟ್ಟಿದ್ದಾಳೆ, ಇದರ ಜೊತೆಗಿದೆ. ಗೀಟು ಎಳೆದ ಕಡೆ ಸಹಿ ಹಾಕು, ಶುಕ್ರವಾರದೊಳಗೆ ಅವಳಿಗೆ ಕಳಿಸು.

ಕಾರ್ಮೆನ್ ಮಾತೆ ನಿನ್ನ ಆರೋಗ್ಯ ನೋಡಿಕೊಳ್ಳಲಿ. ಅಮ್ಮನ ಆಶೀರ್ವಾದವನ್ನು ನಾನು ಕಳಿಸಲಾರೆ, ಅದನ್ನು ನೀನೇ ಅವಳ ಹತ್ತಿರ ಕೇಳಿಕೊ.

ನಿನ್ನ ಅಕ್ಕ,
ನಿಕೊಲಾಸಾ

ಮರೆತಿದ್ದೆ, ದೋಣಿ ಇಳಿದು ಬಸ್ಸಿನ ಪಕ್ಕ ನಿಂತು ಬರೆಯುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಪರದೆಯ ಮೇಲೆ ಬಂದ ಆ ಬರಹದ ಫೋಟೋ ತೆಗೆದು ಯಾಮಿಲೆತ್ ನನಗೆ ಕಳಿಸಿ, ಯಾರ ಹೆಸರಿದೆ ಓದಿ ಹೇಳು ಎಂದಳು. ಅವಳಿಗೆ ಓದು ಬರುವುದಿಲ್ಲವಲ್ಲ. ಅದರಲ್ಲಿ ನಿನ್ನ ಪೂರ್ತಿ ಹೆಸರಿದೆ. ದೆಯ್ಮೆರ್‌ನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತ ಜ್ಞಾನತಂದೆ ನೀನು. ನೀನು ಫೋನ್ ಮಾಡದಿರುವುದು ದುಃಖಕ್ಕೆ ಎಂದೇ ಅವಳು ತಿಳಿದಿದ್ದಾಳೆ. ಯಾವುದೋ ಕಂಪನಿ ಎಂದೆ. ಬೂದಿ ಬುಧವಾರದಂದು, ಹಣೆಯ ಮೇಲಿನ ಬೂದಿ ಆರುವ ಮುಂಚೆ ಹೇಳಿದ ಸುಳ್ಳು. ನಿನ್ನೆ ಪಾಪನಿವೇದನೆ ಮಾಡಿದೆ, ಫಾದರ್ ಕ್ಷಮೆ ಕೊಟ್ಟರು, ಎರಡನೆಯ ಸಲ ಹೇಳಬೇಡ ಎಂದರು. ಶನಿವಾರ ಯಾಮಿಲೆತ್ ಮತ್ತೆ ಫೋನ್ ಮಾಡುತ್ತಾಳೆ, ಯಾವ ಕಂಪನಿ ಎಂದು ಕೇಳುತ್ತಾಳೆ.