ನಲವತ್ತೊಂದು ದಿನದಿಂದ ಹಗ್ಗ ಹಿಡಿದವನ ವಿಚಾರ

ಮಾನ್ಯ ಪುರವಣಿ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ದಿನವೂ ಬರುವ ಚಿತ್ರಕತೆಯ ನಾಯಕ ಸಾಹಸಿ ಮುರಾರಿ ನಲವತ್ತೊಂದು ದಿನದಿಂದ ಕಣಿವೆಯ ಮೇಲೆ ಒಂದೇ ಹಗ್ಗಕ್ಕೆ ಜೋತುಬಿದ್ದಿದ್ದಾನೆ. ದಯವಿಟ್ಟು ಅವನನ್ನು ಮೇಲಕ್ಕಾದರೂ ಎಳೆಯಿರಿ, ಕೆಳಕ್ಕಾದರೂ ಬಿಡಿ. ಅವನಿಂದಾಗಿ ಡೊಂಬಿವಲಿಯ ನಮ್ಮ ಕನ್ನಡ ತರಗತಿ ಮುಚ್ಚುವ ಸ್ಥಿತಿಗೆ ಬಂದಿದೆ.

ದಿನಕ್ಕೆ ಮೂರು ಚೌಕ. ಮೊದಲನೆಯದರಲ್ಲಿ ನಿನ್ನೆಯ ಸಂಗತಿ, ಎರಡನೆಯದರಲ್ಲಿ ಮುರಾರಿಯ ಬೆವರು, ಮೂರನೆಯದರಲ್ಲಿ ಮತ್ತೆ ಹಗ್ಗ. ಹಗ್ಗ ಕೊಯ್ಯಲೆಂದು ಚಾಕು ಹಿರಿದ ಖಳನಾಯಕ ಗುರುವಪ್ಪ, ಕೊಯ್ಯುವುದು ಬಿಟ್ಟು ಹನ್ನೆರಡು ದಿನ ತನ್ನ ಬಾಲ್ಯದ ಕಷ್ಟ ಹೇಳಿಕೊಂಡ. ಬೆಳಗಿನ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತ ಕೆಲಸಕ್ಕೆ ಹೋಗುವ ನಮ್ಮ ಜನರ ಕಷ್ಟವನ್ನು ಯಾರಾದರೂ ಇಷ್ಟು ಹೊತ್ತು ಕೇಳಿದ್ದುಂಟೇ? ಇಷ್ಟು ದಿನ ಮುರಾರಿ ತಿಂದದ್ದಾದರೂ ಏನು? ಅವನ ಟೋಪಿ ಇನ್ನೂ ಏಕೆ ಬಿದ್ದಿಲ್ಲ?

ಕೊನೆಯ ಎರಡು ನನ್ನ ತರಗತಿಯ ಮಕ್ಕಳ ಪ್ರಶ್ನೆಗಳು. ಪ್ರತಿ ಭಾನುವಾರ ಇಲ್ಲಿನ ಕನ್ನಡ ಸಂಘದ ಕೋಣೆಯಲ್ಲಿ ನಾನು ಹದಿನಾಲ್ಕು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವ ಮಕ್ಕಳು. ಪುಸ್ತಕ ತೆರೆದರೆ ಆಕಳಿಸುತ್ತಿದ್ದರು. ಮುರಾರಿಯ ಒಂದು ವಾರದ ಕತ್ತರಿಕೆಗಳನ್ನು ಗೋಡೆಗೆ ಅಂಟಿಸಿದೆ ನೋಡಿ, ಮುಂದೇನಾಯಿತೆಂದು ತಿಳಿಯುವ ಆತುರಕ್ಕೆ ಒತ್ತಕ್ಷರವನ್ನೂ ಬಿಡದೆ ಓದತೊಡಗಿದರು. ಹಗ್ಗ ಬಂದ ಮೇಲೆ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಅರ್ಧ ತಪ್ಪು ನನ್ನದು. ಹಗ್ಗ ಬಂದ ಮೂರನೆಯ ಭಾನುವಾರ ಮಕ್ಕಳು ಬೇಸತ್ತು, ಅವನು ಉಳಿಯುತ್ತಾನೋ ಇಲ್ಲವೋ ನೀವೇ ಹೇಳಿ ಎಂದು ಗಂಟುಬಿದ್ದರು. ಅವರನ್ನು ಉಳಿಸಿಕೊಳ್ಳುವ ಆಸೆಯಿಂದ ನಾನೇ ಕತೆ ಕಟ್ಟಿ, ಹೆಲಿಕಾಪ್ಟರ್ ತರಿಸಿ ಮುರಾರಿಯನ್ನು ಕಾಪಾಡಿಬಿಟ್ಟೆ. ಬೇಗ ಅರ್ಥವಾಗಲೆಂದು ಅಷ್ಟನ್ನೂ ಹಿಂದಿಯಲ್ಲಿ ಹೇಳಿದೆ. ಭರ್ಜರಿ ಚಪ್ಪಾಳೆ ಬಿತ್ತು. ಮುಂದಿನ ವಾರ ಬಂದವರು ಐವರು. ಕತೆ ಗೊತ್ತಾದ ಮೇಲೆ ಓದುವುದೇಕೆ? ಕನ್ನಡ ಟೀಚರೇ ಹಿಂದಿಯಲ್ಲಿ ಹೇಳುವಾಗ ಕನ್ನಡವೇಕೆ? ಈ ಎರಡನೆಯ ಪ್ರಶ್ನೆ ನೆನೆದರೆ ನನಗೆ ನಾಚಿಕೆಯಾಗುತ್ತದೆ, ಭಯವೂ ಆಗುತ್ತದೆ.

ಕಳೆದ ವಾರ ಬಂದವಳು ಪಕ್ಕದ ದಿವಾ ಊರಿನ ಅನಸೂಯಾ ಒಬ್ಬಳೇ. ಅವಳ ಅಪ್ಪ ಸಿದ್ರಾಮ ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ. ಅವರಿಗೆ ಓದು ಬಾರದು. ಸಂಜೆ ಮಗಳೇ ಮುರಾರಿಯನ್ನು ಓದಿ ಹೇಳಬೇಕು. ನನ್ನ ಹೆಲಿಕಾಪ್ಟರಿಗೆ ಅವಳು ಸೊಪ್ಪು ಹಾಕಲಿಲ್ಲ. "ಟೀಚರ್, ನೀವ್ ಹೇಳಿದ್ದು ಪೇಪರ್‌ದಾಗ ಬಂದೇ ಇಲ್ಲ. ಬರೋತನಾ ನಾ ನಂಬಂಗಿಲ್ಲ" ಎಂದಳು. ಅತ್ತ ಸಂಘದ ಕಾರ್ಯದರ್ಶಿ ವಸಂತಕುಮಾರರು, ಮುಂದಿನ ಭಾನುವಾರ ಐದು ಮಕ್ಕಳಾದರೂ ಬಾರದಿದ್ದರೆ ಕೋಣೆಯನ್ನು ಜುಂಬಾ ನೃತ್ಯದ ತರಗತಿಗೆ ಕೊಡುವುದಾಗಿ ಹೇಳಿದ್ದಾರೆ. ಅವರನ್ನು ಹೇಗೆ ದೂರಲಿ?

ನನ್ನ ಒತ್ತಾಯ ಇಷ್ಟೇ. ಶನಿವಾರದೊಳಗೆ ಮುರಾರಿಯ ಗತಿ ಏನೆಂದು ಅಚ್ಚುಮಾಡಿ. ಬದುಕಲಿ, ಬೀಳಲಿ, ಗುರುವಪ್ಪನ ಜೊತೆ ರಾಜಿಯಾದರೂ ಆಗಲಿ, ಹೆಲಿಕಾಪ್ಟರ್ ಮಾತ್ರ ಬೇಡ. ಹದಿನಾಲ್ಕು ಮನೆಗೂ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುತ್ತೇನೆ. ಹಾಗಾದರೆ ನಿಜ ಏನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗೋಡೆಯ ಮೇಲಿದೆ, ಬಂದು ಓದಿ ಎನ್ನುತ್ತೇನೆ.

ಇಂತಿ,
ತನ್ನ ತರಗತಿಗೆ ತಾನೇ ಕಲ್ಲು ಹಾಕಿಕೊಂಡ
ಪುಷ್ಪಾವತಿ ಟೀಚರ್
ಡೊಂಬಿವಲಿ ಪೂರ್ವ