ಬಾಯಲ್ಲಿ ಹೇಳದ ದಿನ

ಹೊಸದುರ್ಗದ ಹತ್ತಿರ, ಗಂಗಾಧರಪ್ಪನವರ ತೆಂಗಿನ ತೋಟ
ಬುಧವಾರ, ನವೆಂಬರ್ 12, 2025

ನನ್ನ ಯಲ್ಲಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಬಲಗಣ್ಣಿನ ಪೊರೆ ಇನ್ನೂ ದಪ್ಪವಾಯಿತೇ? ಮೊನ್ನೆ ಉಪ್ಪು ಅಂದುಕೊಂಡು ಸಾರಿಗೆ ಸೋಡಾಪುಡಿ ಹಾಕಿದೆಯಂತೆ, ಸಾರು ಉಕ್ಕಿ ಒಲೆಯೇ ಆರಿತಂತೆ. ನಮ್ಮ ಸೊಸೆ ಕಾವ್ಯಶ್ರೀ ಫೋನಿನಲ್ಲಿ ಹೇಳಿದಾಗ ನಗು ಬಂತು. ಆಮೇಲೆ ನಗು ನಿಂತುಹೋಯಿತು. ಈ ಕಾಗದವನ್ನೂ ಅವಳೇ ಓದಿ ಹೇಳುತ್ತಿರುತ್ತಾಳೆ. ಕಾವ್ಯಶ್ರೀ, ನಿಧಾನಕ್ಕೆ ಓದವ್ವ, ನಿಮ್ಮತ್ತೆ ನನ್ನನ್ನು ಬೈಯುವುದಕ್ಕೆ ನಡುವೆ ಜಾಗ ಬಿಟ್ಟು ಓದು.

ನಾನು ಚೆನ್ನಾಗಿದ್ದೇನೆ. ತಮ್ಮನ ಮಗ ಓಬಳೇಶನೂ ಕುರಿಗಳೂ ಸುಖವಾಗಿದ್ದಾರೆ. ಈ ತೋಟದಲ್ಲಿ ಮಂದೆ ಹಾಕಿ ಐದು ದಿನವಾಯಿತು. ಎಲ್ಲ ಮರದ ಬುಡಕ್ಕೂ ಗೊಬ್ಬರ ಬೀಳಲಿ ಅಂತ ಗಂಗಾಧರಪ್ಪನವರು ದಿನಕ್ಕೆ ಎರಡು ಸಾಲು ನಮ್ಮನ್ನು ಮುಂದಕ್ಕೆ ಸರಿಸುತ್ತಾರೆ. ಅವರ ಸೊಸೆ ಚೈತ್ರಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಸಂಜೆ ಜಗಲಿಯಲ್ಲಿ ಕೂತು ಮಾರನೆಯ ದಿನದ ಪಾಠ ಓದಿಕೊಳ್ಳುತ್ತಾಳೆ. ನಿನ್ನೆ ನಾನು ನೀರಿಗೆ ಹೋದಾಗ ನನ್ನನ್ನೇ ಕೂರಿಸಿಕೊಂಡಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ತಿಳಿದರೆ ಮಕ್ಕಳಿಗೂ ತಿಳಿಯುತ್ತದೆ ಅಂತ ಅವಳ ಲೆಕ್ಕ.

ಮುಂದೆ ಬರುವುದನ್ನು ಕಾಯುವುದಕ್ಕೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಮಾತಿವೆಯಂತೆ ಯಲ್ಲಕ್ಕ. ಅವಳು ನಾಲ್ಕು ಹೇಳಿದಳು. ಸುಮ್ಮನೆ ಕೂತು ಹೊತ್ತು ಕಳೆಯುವುದು ವೇಟ್. ಬಂದರೂ ಬರಬಹುದು, ಬರಲಿ ದೇವರೇ ಅನ್ನುವುದು ಹೋಪ್. ಬರಬೇಕಾದ್ದು ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡಿರುವುದು ಎಕ್ಸ್‌ಪೆಕ್ಟ್. ಕೊನೆಯದು ಉದ್ದದ್ದು, ಲುಕಿಂಗ್ ಫಾರ್ವರ್ಡ್. ಬರುತ್ತದೆ ಅಂತ ಗೊತ್ತಿದ್ದು, ಆ ದಿನದ ಕಡೆಗೆ ಮುಖ ಮಾಡಿ ಈಗಿನಿಂದಲೇ ಸಂತೋಷಪಡುವುದು.

ಇವತ್ತು ಮಧ್ಯಾಹ್ನ ಉಂಡು ತೆಂಗಿನ ನೆರಳಿಗೆ ಒರಗಿದ್ದೆ. ಗರಿಗಳ ನೆರಳು ಕುರಿಗಳ ಬೆನ್ನ ಮೇಲೆ ಆಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆ ನಾಲ್ಕು ಮಾತೂ ನಾಲ್ಕು ಕುರಿಗಳಾಗಿ ಮಂದೆಯೊಳಗೆ ಬಂದವು. ವೇಟ್ ಮಲಗಿ ಮೆಲುಕು ಹಾಕುತ್ತಿತ್ತು. ಹೋಪ್ ಮೂತಿ ಎತ್ತಿ ಗಾಳಿಯಲ್ಲಿ ಮಳೆ ವಾಸನೆ ಹುಡುಕುತ್ತಿತ್ತು. ಎಕ್ಸ್‌ಪೆಕ್ಟ್ ತುಂಬುಗಬ್ಬದ ಕುರಿ, ಹೊಟ್ಟೆ ಹೊತ್ತು ಹಗುರಕ್ಕೆ ಹೆಜ್ಜೆ ಇಡುತ್ತಿತ್ತು. ನಾಲ್ಕನೆಯದು ಮಾತ್ರ ಮೇಯುತ್ತಿರಲಿಲ್ಲ. ಕಿವಿ ನಿಮಿರಿಸಿ ನಮ್ಮೂರಿನ ರಾಮಗಿರಿ ಗುಡ್ಡದ ದಿಕ್ಕಿಗೆ ನಿಂತಿತ್ತು. ಎಚ್ಚರವಾದಾಗ ನಾನೂ ಅದೇ ದಿಕ್ಕಿಗೆ ನೋಡುತ್ತಿದ್ದೆ.

ಯಾಕೆ ಅಂದರೆ ನಿನ್ನೆ ಚೈತ್ರಾ ಪುಸ್ತಕ ಮುಚ್ಚುವಾಗ ಒಂದು ಮಾತು ಕೇಳಿದ್ದಳು. "ಅಜ್ಜಾ, ನಿಮ್ ಮನೇಲಿ ಅಜ್ಜಿ ಐತಲ್ಲ, ಈ ನಾಕ್ರಲ್ಲಿ ಯಾವ್ದು ಮಾಡ್ತೈತೆ?" ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ.

ನಮ್ಮ ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಒಂದು ಸಲವಾದರೂ ನಾನು ಬರುವ ದಿನ ನಿನಗೆ ಹೇಳಿದ್ದೇನೆಯೇ? ನಮ್ಮ ತಾತ ಹೇಳುತ್ತಿದ್ದ ಕಥೆ ನಿನಗೂ ಗೊತ್ತು. ಹಿಂದೆ ಒಬ್ಬ ಕುರಿಯವನು ಹೊರಡುವಾಗ ಹೆಂಡತಿಗೆ ಸೋಮವಾರ ಬರ್ತೀನಿ ಅಂದನಂತೆ. ಬೇಲಿ ಹಿಂದಿದ್ದ ತೋಳ ಅದನ್ನು ಕೇಳಿಸಿಕೊಂಡು, ಸೋಮವಾರವನ್ನೇ ಕಚ್ಚಿಕೊಂಡು ಹೋಯಿತಂತೆ. ಅವನಿಗೆ ಭಾನುವಾರದ ಮೇಲೆ ಮಂಗಳವಾರ, ವಾರ ಸುತ್ತಿ ಬಂದರೆ ಮತ್ತೆ ಭಾನುವಾರ, ಮತ್ತೆ ಮಂಗಳವಾರ. ಇನ್ನೂ ನಡೆಯುತ್ತಲೇ ಇದ್ದಾನಂತೆ. ಅದಕ್ಕೇ ನಮ್ಮವರು ದಿನ ಬಾಯಲ್ಲಿ ಆಡುವುದಿಲ್ಲ. ನೀನೂ ಕೇಳಿದವಳಲ್ಲ. "ಬಂದಾಗ ಬರ್ರಿ, ಮುದ್ದೆ ಇರ್ತೈತೆ" ಅಂದೆ, ಅಷ್ಟೇ. ದಿನಾ ಸಂಜೆ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದೆ. ನಾನು ಬರದಿದ್ದರೆ ಬೆಳಿಗ್ಗೆ ಅದನ್ನು ಮಜ್ಜಿಗೆಗೆ ಕಿವುಚಿ ನೀನೇ ಕುಡಿದೆ. ಆ ತಣ್ಣನೆ ಮುದ್ದೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ದುರ್ಗದ ಕೋಟೆಗೆ ಇನ್ನೊಂದು ಸುತ್ತು ಗೋಡೆ ಆಗುತ್ತಿತ್ತು.

ಈಗ ಕಣ್ಣಿನ ವಿಷಯದಲ್ಲೂ ಅದೇ ಆಯಿತು. ದುರ್ಗದ ಡಾಕ್ಟರು ಯಾವ ಗುರುವಾರವಾದರೂ ಸರಿ, ಆಪರೇಷನ್ನಿಗೆ ಬೇಗ ಬನ್ನಿ, ಪೊರೆ ಬಲಿತಷ್ಟೂ ಕಷ್ಟ ಅಂದರು. ಮನೆಯವರು ಜೊತೆಗಿರಲಿ, ದಿನ ಮೊದಲೇ ತಿಳಿಸಿ ಅಂದರು. ನೀನು "ಯಜಮಾನ್ರು ಬರ್ಲಿ, ಆಮೇಲೆ ನೋಡಾಣ" ಅಂದೆಯಂತೆ. ಮೂರು ತಿಂಗಳಾಯಿತು. ನಾನು ದಿನ ಹೇಳುವುದಿಲ್ಲ, ನೀನು ಕೇಳುವುದಿಲ್ಲ, ಪೊರೆ ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಿದೆ. ನಿನಗೆ ನಾನು ಮೊದಲ ಎರಡು ಮಾತು ಬಿಟ್ಟರೆ ಏನೂ ಕೊಡಲಿಲ್ಲ ಯಲ್ಲಕ್ಕ. ನಾಲ್ಕನೆಯದಕ್ಕೆ ಒಂದು ದಿನ ಬೇಕು. ದಿನವಿಲ್ಲದೆ ಮುಖ ಯಾವ ಕಡೆ ಮಾಡಬೇಕು ನೀನು?

ಪಕ್ಕದ ಮನೆಯ ಜುಂಜಮ್ಮತ್ತೆಗೆ ನಮಸ್ಕಾರ ಹೇಳು. ಮನೆಯಲ್ಲಿ ಕಟ್ಟಿರುವ ಟಗರಿಗೆ ಬೆಲ್ಲ ತಿನ್ನಿಸಬೇಡ, ಅಭ್ಯಾಸ ಕೆಡುತ್ತದೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ,
ಎತ್ತಪ್ಪ

ಇನ್ನೊಂದು ಮಾತು: ದಿನವನ್ನು ಬಾಯಲ್ಲಿ ಆಡಬಾರದು ಅಂದರೇ ಹೊರತು ಬರೆಯಬಾರದು ಅಂತ ಹಿರಿಯರು ಯಾರೂ ಹೇಳಿಲ್ಲ. ತೋಳಕ್ಕೆ ಓದಲೂ ಬರುವುದಿಲ್ಲ. ಕಾವ್ಯಶ್ರೀ, ಇಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಬೇಡ. ಅತ್ತೆಯನ್ನು ಗೋಡೆಯ ಕ್ಯಾಲೆಂಡರಿನ ಹತ್ತಿರ ಕರಕೊಂಡು ಹೋಗಿ, ಅವಳ ತೋರುಬೆರಳು ಹಿಡಿದು ಈ ತಿಂಗಳ ಇಪ್ಪತ್ತಾರನೇ ತಾರೀಕು ಬುಧವಾರದ ಮೇಲೆ ಇಡು. ಸ್ವಲ್ಪ ಹೊತ್ತು ಹಾಗೇ ಹಿಡಿದಿರು. ಮಂದೆ ಓಬಳೇಶನಿಗೆ ಒಪ್ಪಿಸುತ್ತೇನೆ. ಅದರ ಮಾರನೆಯ ಗುರುವಾರಕ್ಕೆ ಬರುತ್ತೇವೆ ಅಂತ ಆಸ್ಪತ್ರೆಗೆ ಈಗಲೇ ಫೋನು ಮಾಡು. ಅಲ್ಲಿಯವರೆಗೆ ಮುದ್ದೆ ಹೆಚ್ಚಿಗೆ ಕಟ್ಟಬೇಡ ಅಂತ ಅವಳಿಗೆ ಹೇಳು.