ಮದೇರೊ ಮತ್ತು ಚಿಕ್ಕಪ್ಪನ ಕುರ್ಚಿ

ಲೂಕನ್, ಡಬ್ಲಿನ್
೨೦ ಏಪ್ರಿಲ್ ೨೦೨೧

ಪ್ರೀತಿಯ ಅಜ್ಜಿಗೆ, ಸಿಂಚನಾಳ ನಮಸ್ಕಾರಗಳು.

ಮೊದಲೇ ಕ್ಷಮಿಸಿಬಿಡಿ. ಫೋನ್ ಇರುವಾಗ ಇವಳಿಗೇಕೆ ಕಾಗದದ ಉಸಾಬರಿ ಎನ್ನುತ್ತೀರಿ. ಈ ಮನೆಯಲ್ಲಿ ನಿಮ್ಮ ಫೋನ್ ಬಂದರೆ ಚಿಕ್ಕಪ್ಪ ಸ್ಪೀಕರ್‌ಗೆ ಹಾಕುತ್ತಾರೆ, ನನಗೆ ಹೇಳಬೇಕಾಗಿರುವುದು ಅವರ ವಿಷಯವೇ. ಬರೆದು, ಫೋಟೊ ತೆಗೆದು ವಾಟ್ಸಾಪ್ ಮಾಡುತ್ತೇನೆ. ಹಾಸ್ಟೆಲ್‌ನಲ್ಲಿ ನಮ್ಮ ಭಾನುವಾರದ ಪತ್ರಗಳನ್ನು ವಾರ್ಡನ್ ಓದಿಯೇ ಅಂಟಿಸುತ್ತಿದ್ದರು, ಹಾಗಾಗಿ ಗುಟ್ಟಿನ ಪತ್ರ ಬರೆದು ನನಗೆ ಅಭ್ಯಾಸವಿಲ್ಲ.

ಮಂಡಿನೋವು ಹೇಗಿದೆ? ಎರಡನೇ ಲಸಿಕೆ ಆಯಿತೇ? ಮೈಸೂರಿನಲ್ಲಿ ಮತ್ತೆ ಕೇಸುಗಳು ಏರುತ್ತಿವೆ ಎಂದು ಕೇಳಿದಾಗಿನಿಂದ ಟೆನ್ಶನ್. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು ದಯವಿಟ್ಟು ಮಾಸ್ಕ್ ಇಳಿಸಬೇಡಿ. ನಾನು ಚೆನ್ನಾಗಿದ್ದೇನೆ. ಮೊದಲ ವರ್ಷ ಮುಗಿಯುತ್ತ ಬಂದರೂ ಕಾಲೇಜಿನ ಒಳಗೆ ಕಾಲಿಟ್ಟಿಲ್ಲ. ಕ್ಲಾಸೆಲ್ಲ ಆನ್‌ಲೈನ್, ಚಿಕ್ಕಪ್ಪನ ಮನೆಯ ಊಟದ ಮೇಜೇ ನನ್ನ ಕ್ಯಾಂಪಸ್.

ಇತಿಹಾಸದ ಪ್ರೆಸೆಂಟೇಶನ್‌ಗೆ ನನ್ನ ಪಾಲಿಗೆ ಬಂದವನು ಮೆಕ್ಸಿಕೋದ ಫ್ರಾನ್ಸಿಸ್ಕೊ ಮದೇರೊ. ನಿಮಗೆ ಇಷ್ಟವಾಗುವ ಮನುಷ್ಯ: ಭಾರೀ ಜಮೀನ್ದಾರರ ಮಗ, ಕುಳ್ಳ, ಪ್ಯಾರಿಸ್ಸಿನಲ್ಲಿ ಓದಿ ಬಂದು ಆಳುಮಕ್ಕಳಿಗೆ ತಾನೇ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದನಂತೆ, ಥೇಟ್ ನಿಮ್ಮ ಹಾಗೆ. ಅಲ್ಲಿನ ಅಧ್ಯಕ್ಷ ದಿಯಾಸ್ ‘ಒಬ್ಬನೇ ಮತ್ತೆ ಮತ್ತೆ ಆರಿಸಿ ಬರಬಾರದು’ ಎಂದು ಕೂಗಿಯೇ ಅಧಿಕಾರ ಹಿಡಿದವನು. ಆಮೇಲೆ ಮೂರು ದಶಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮದೇರೊ ಅದೇ ಕೂಗನ್ನು ಅವನ ಮುಖಕ್ಕೆ ಹಿಡಿದ. ಜೈಲಿಗೆ ಹಾಕಿದರೆ ತಪ್ಪಿಸಿಕೊಂಡು ಕ್ರಾಂತಿಗೆ ಕರೆ ಕೊಟ್ಟ, ಮರುವರ್ಷ ತಾನೇ ಅಧ್ಯಕ್ಷನಾದ. ಹಳೆಯ ಸೇನಾಪತಿಯನ್ನು ನಂಬಿ ಕೆಟ್ಟ. ಒಂದೂವರೆ ವರ್ಷ ತುಂಬುವ ಮೊದಲೇ ಕೊಂದುಬಿಟ್ಟರು. ಆದರೆ ಆ ಮಾತು ಸಾಯಲಿಲ್ಲ ಅಜ್ಜಿ. ಆ ದೇಶದಲ್ಲಿ ಇವತ್ತಿಗೂ ಯಾರೂ ಎರಡನೇ ಸಲ ಅಧ್ಯಕ್ಷರಾಗುವಂತಿಲ್ಲ.

ಇದನ್ನೆಲ್ಲ ನಾನು ಗಟ್ಟಿಯಾಗಿ ಪ್ರಾಕ್ಟೀಸ್ ಮಾಡುವಾಗ ಚಿಕ್ಕಪ್ಪ ಕಾಫಿ ಲೋಟ ಹಿಡಿದು ನಿಂತು ಕೇಳಿದರು. “ಪಾಪ, ದಿಯಾಸ್‌ಗೂ ಬಿಡಬೇಕು ಅಂತಾನೇ ಇತ್ತೇನೋ, ಜನ ಬಿಟ್ಟಿರಲ್ಲ” ಅಂದರು. ಒಳಗಿಂದ ಚಿಕ್ಕಮ್ಮ, “ನಂಜುಂಡಪ್ಪನೋರೂ ಹಾಗೇ ಹೇಳ್ತಿದ್ರು ಅಲ್ವಾ ರೀ?” ಎಂದು ಒಗ್ಗರಣೆ ಹಾಕಿದರು. ನಂಜುಂಡಪ್ಪ ಅಂಕಲ್ ಇಲ್ಲಿನ ಕನ್ನಡ ಬಳಗಕ್ಕೆ ಮೊದಲು ಅಧ್ಯಕ್ಷರಾಗಿದ್ದವರು. ‘ಒಬ್ಬರಿಗೆ ಎರಡೇ ವರ್ಷ’ ಎಂದು ಊರೆಲ್ಲ ಓಡಾಡಿ ಅವರನ್ನು ಇಳಿಸಿದ್ದು ನಮ್ಮ ಚಿಕ್ಕಪ್ಪನೇ. ಈಗ ಇವರದು ಆರನೇ ವರ್ಷ.

ನಿಜ ಹೇಳಬೇಕು, ಒಳ್ಳೆಯ ಅಧ್ಯಕ್ಷರು. ಹೋದ ವರ್ಷ ಲಾಕ್‌ಡೌನ್ ಆದಾಗ ಪಾರ್ಟ್‌ಟೈಮ್ ಕೆಲಸ ಹೋಗಿ ರೂಮಲ್ಲೇ ಕೂತಿದ್ದ ನಮ್ಮ ಕಡೆಯ ಸ್ಟೂಡೆಂಟ್‌ಗಳಿಗೆ ದೂರದ ಟಾಲಾ ಬಡಾವಣೆಯವರೆಗೂ ಅಕ್ಕಿ, ಸಾರಿನಪುಡಿ ಹೊತ್ತುಕೊಂಡು ಹೋಗಿ ಬಾಗಿಲಲ್ಲಿಟ್ಟು ಬಂದವರು. ಆದರೆ ಆಗಿನಿಂದ ಫೋನ್ ಕಿವಿ ಬಿಟ್ಟಿಲ್ಲ, ಬಿಪಿ ಮಾತ್ರೆ ಎರಡಾಗಿದೆ (ಇದನ್ನು ನಿಮಗೆ ಹೇಳಿಲ್ಲ, ಅಲ್ಲವೇ?), ಮಗ ಆದರ್ಶನ ಜೊತೆ ಮಾತೇ ಇಲ್ಲ.

ಮೊನ್ನೆ ಭಾನುವಾರ ಬಳಗದ ಯುಗಾದಿ ಸಭೆ ಇತ್ತು, ಝೂಮ್‌ನಲ್ಲಿ. ಪ್ರತಿ ವರ್ಷ ಚಿಕ್ಕಪ್ಪ ಕೊನೆಗೆ ಕೈ ಮುಗಿದು, “ನನಗೆ ಸಾಕಾಯ್ತು, ಬೇರೆ ಯಾರಾದ್ರೂ ವಹಿಸ್ಕೊಳ್ಳಿ” ಎನ್ನುತ್ತಾರಂತೆ. ಹಾಲ್ ತುಂಬ “ಛೇ ಛೇ, ನೀವೇ ಇರ್ಬೇಕು ಸರ್!” ಎದ್ದು, ಚಪ್ಪಾಳೆ ಬಿದ್ದು, ಅವಿರೋಧ ಆಯ್ಕೆ ಆಗಿ, ಹೋಳಿಗೆ ಬಡಿಸುತ್ತಾರೆ. ಈ ಸಲ ಅರ್ಧದಲ್ಲೇ ಯಾರದೋ ಕುಕ್ಕರ್ ಕೂಗಿತು. “ಎಲ್ರನ್ನೂ ಮ್ಯೂಟ್ ಮಾಡು ಸಿಂಚು” ಎಂದು ಚಿಕ್ಕಪ್ಪನೇ ಅಂದರು, ಮಾಡಿದೆ. ತಮ್ಮ ಸ್ಕ್ರೀನ್ ತುಂಬ ‘ವಂದನೆಗಳು’ ಸ್ಲೈಡ್ ಹಾಕಿಕೊಂಡು ಅವರು ಸಾಕಾಯ್ತು ಎಂದರು. ಎಲ್ಲರೂ ಇನ್ನೂ ಮ್ಯೂಟ್‌ನಲ್ಲೇ, ಅವರಿಗೆ ಮುಖಗಳೂ ಕಾಣಿಸುತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಚೌಕಟ್ಟಿಗೊಂದು ಬಾಯಿ, ಅಕ್ವೇರಿಯಂನ ಮೀನಿನ ಹಾಗೆ, ಛೇ ಛೇ ಎನ್ನುತ್ತಿತ್ತು! ನಾನು ಬಾಯಿ ತೆರೆಯುವಷ್ಟರಲ್ಲಿ ಆದರ್ಶ ಅಪ್ಪನ ಕುರ್ಚಿಯ ಹಿಂದೆ ನಿಂತು ಐರಿಷ್ ರಾಗದಲ್ಲಿ, “ಗ್ರ್ಯಾಂಡ್ ಸೋ, ಹೂ ಈಸ್ ನೆಕ್ಸ್ಟ್?” ಅಂದ, ಸರಿ ಹಾಗಾದರೆ, ಮುಂದಿನವರು ಯಾರು ಅಂತ. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ವಸುಂಧರಾ ಆಂಟಿ ಟೀ ಬ್ರೇಕಿನಲ್ಲಿ ಆಗಷ್ಟೇ ಸೇರಿಕೊಂಡಿದ್ದರು. ಅವರೊಬ್ಬರೇ ಅನ್‌ಮ್ಯೂಟ್ ಆಗಿ, “ಯಾರೂ ಇಲ್ಲ ಅಂದ್ರೆ ನಾನಾಗ್ತೀನಿ ಸರ್, ಒಂದು ವರ್ಷ” ಎಂದರು. ಚಿಕ್ಕಪ್ಪನ ಬಾಯಿಂದ ಬಂದದ್ದು “ಸಂತೋಷ” ಎಂಬ ಒಂದೇ ಶಬ್ದ.

ಅವತ್ತು ಚಿಕ್ಕಪ್ಪ ಹೋಳಿಗೆ ಮುಟ್ಟಲಿಲ್ಲ. ನನ್ನ ಪ್ರೆಸೆಂಟೇಶನ್ನಿನ ಶಾಪವೇ ತಟ್ಟಿತು ಎಂದುಕೊಂಡೆ. ನಿನ್ನೆ ಸಂಜೆ ನೋಡಿದರೆ, ಅಪ್ಪ ಮಗ ಎದುರಿನ ಹುಲ್ಲುಮೈದಾನದಲ್ಲಿ ಇಲ್ಲಿಯವರ ಹಾಕಿಯಂಥ ಆಟ ಹರ್ಲಿಂಗ್‌ನ ಕೋಲು ಹಿಡಿದು ಬಿದ್ದು ಏಳುತ್ತಿದ್ದಾರೆ! ಚಿಕ್ಕಪ್ಪನ ಫೋನ್ ಫ್ರಿಜ್ ಮೇಲಿತ್ತು. ಬಿಸಿ ಸಾರನ್ನು ಬಿಸಿಯಾಗಿಯೇ ಉಂಡರು, ಪಾತ್ರೆ ತೊಳೆಯುತ್ತ ಸಿಳ್ಳೆ ಹಾಕಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಪ್ರೆಸೆಂಟೇಶನ್ ಕೂಡ ಚೆನ್ನಾಗಿ ಆಯಿತು ಅಜ್ಜಿ, ತೊದಲಿದ್ದು ಶುರುವಿನಲ್ಲಿ ಮಾತ್ರ.

ಆರೋಗ್ಯ ನೋಡಿಕೊಳ್ಳಿ. ಎಲ್ಲರ ಪರವಾಗಿ ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಮೊಮ್ಮಗಳು
ಸಿಂಚನಾ

ತಾ.ಕ.: ಬರೆಯಲು ಕೂತದ್ದೇ ಇದಕ್ಕೆ. ಮ್ಯೂಟ್ ಕಥೆ ತಿಳಿದು ವಸುಂಧರಾ ಆಂಟಿ ಫೋನ್ ಮಾಡಿ, “ಕುರ್ಚಿ ನಿಮ್ದೇ ಸರ್, ಶನಿವಾರ ಮತ್ತೆ ಸಭೆ ಕರೆಯೋಣ” ಎಂದಿದ್ದಾರೆ. ಚಿಕ್ಕಪ್ಪ, “ಅಮ್ಮನ್ನ ಒಂದ್ ಮಾತು ಕೇಳಿ ಹೇಳ್ತೀನಿ” ಎಂದರು. ನಾಳೆ ಸಂಜೆ ನಿಮಗೆ ಫೋನ್ ಮಾಡುತ್ತಾರೆ. ನೀವು ಪ್ರತಿ ಸಲ ಅವರಿಗೆ “ನಿನ್ನ ಬಿಟ್ರೆ ಅಲ್ಲಿ ಯಾರಿದ್ದಾರೆ ಹೇಮು” ಎನ್ನುತ್ತೀರಿ. ಈ ಸಲ ಬೇಡ ಅಜ್ಜಿ. ಒಳ್ಳೆ ಕೆಲಸ ಮಾಡಿದೆ, ಇನ್ನು ಸಾಕು ಮಗ ಎಂದುಬಿಡಿ. ಅವರಿಗೂ ಅದೇ ಬೇಕಾಗಿದೆ, ಹೇಳುವವರು ಬೇಕು ಅಷ್ಟೇ. ಓದಿದ ಕೂಡಲೇ ಹೂಂ ಅಥವಾ ಊಹೂಂ, ಒಂದೇ ಮಾತು, ನನ್ನ ನಂಬರಿಗೆ ಬೇಗ ಕಳಿಸಿ.